ಜಿ1 ಕ್ಲೈಮ್ಯಾಕ್ಸ್ ಹಿಂಬಾಲಿಸುವುದು ಹೇಗೆ: ಒಂದು ಹಾಳೆ, ಒಂದು ಪೆನ್ಸಿಲ್, ಒಂದು ತಿಂಗಳು

ನಮ್ಮಲ್ಲಿ ಆಷಾಢದ ಮಳೆ ಹಿಡಿದು ಕೂತಿರುವ ಹೊತ್ತಿಗೆ ಜಪಾನಿನಲ್ಲಿ ಸುಡುಬೇಸಿಗೆ. ಆ ಸೆಖೆಯಲ್ಲೇ ನ್ಯೂ ಜಪಾನ್ ಪ್ರೊ-ರೆಸ್ಲಿಂಗ್ ಸಂಸ್ಥೆ ತನ್ನ ಅತ್ಯಂತ ಕಠಿಣ ಪಂದ್ಯಾವಳಿಯನ್ನು ನಡೆಸುತ್ತದೆ. ಹೆಸರು ಜಿ1 ಕ್ಲೈಮ್ಯಾಕ್ಸ್. ಆಂಟೊನಿಯೊ ಇನೋಕಿ 1972ರಲ್ಲಿ ಕಟ್ಟಿದ ಸಂಸ್ಥೆ ಇದು. ಜಿ1 ಹೆಸರಿನ ಪಂದ್ಯಾವಳಿ ಶುರುವಾದದ್ದು 1991ರ ಆಗಸ್ಟ್‌ನಲ್ಲಿ, ಎಂಟು ಜನರೊಂದಿಗೆ. 2025ರ 35ನೇ ಆವೃತ್ತಿಯಲ್ಲಿ ಇಪ್ಪತ್ತು ಜನರಿದ್ದರು. ಜುಲೈ 19ರಿಂದ ಆಗಸ್ಟ್ 17ರವರೆಗೆ ಲೆಕ್ಕ ಹಾಕಿ ಮೂವತ್ತು ದಿನ.

ಡಬ್ಲ್ಯುಡಬ್ಲ್ಯುಇ ನೋಡಿ ಬೆಳೆದವರು ಇಲ್ಲಿಗೆ ಬಂದಾಗ ಮೊದಲ ವಾರ ಸಂಭ್ರಮ, ಎರಡನೇ ವಾರ ಗೊಂದಲ, ಮೂರನೇ ವಾರ ಸುಸ್ತು. ನಾಲ್ಕನೇ ವಾರ, ಅಂದರೆ ನಿಜವಾದ ಸಾರ ಇರುವ ಹೊತ್ತಿನಲ್ಲಿ, ನೋಡುವುದನ್ನೇ ಬಿಟ್ಟಿರುತ್ತಾರೆ. ಕಾರಣ ಬಹುಮಟ್ಟಿಗೆ ಒಂದೇ: ಅಂಕಪಟ್ಟಿ ಇಟ್ಟುಕೊಳ್ಳದೆ ನೋಡಿದ್ದು. ಜಿ1ರ ಕಥೆ ಮೈಕ್ ಹಿಡಿದು ಆಡುವ ಮಾತಿನಲ್ಲಿ ಇರುವುದಿಲ್ಲ, ಅಂಕಗಳಲ್ಲಿ ಇರುತ್ತದೆ. ಆದ್ದರಿಂದ ಈ ಮಾರ್ಗದರ್ಶಿಯಲ್ಲಿ ಹೆಚ್ಚು ಜಾಗವನ್ನು ಪಟ್ಟಿಗೇ ಕೊಟ್ಟಿದ್ದೇವೆ.

ಒಂದು ಮಾತನ್ನು ಮೊದಲೇ ಹೇಳಿಬಿಡಬೇಕು. ಪ್ರೊ-ರೆಸ್ಲಿಂಗ್‌ನಲ್ಲಿ ಗೆಲ್ಲುವವರು ಯಾರೆಂಬುದು ಮೊದಲೇ ನಿಶ್ಚಯವಾಗಿರುತ್ತದೆ. ಆದರೆ ಬೀಳುವ ಮೈ ನಿಜ, ಮುರಿಯುವ ಮೂಳೆ ನಿಜ, ತಿಂಗಳಿಡೀ ಊರಿಂದೂರಿಗೆ ಬಸ್ಸಿನಲ್ಲಿ ಸುತ್ತಿ ಒಂಬತ್ತು ಸಲ ಒಬ್ಬೊಬ್ಬರನ್ನೇ ಎದುರಿಸುವ ದಣಿವು ನಿಜ. ಪಟ್ಟಿ ಬರೆಯುವ ಅಭಿಮಾನಿ ಮಾಡುವುದು ಇಷ್ಟು: ಈ ತಿಂಗಳ ಕಥೆಯನ್ನು ಹೆಣೆದವರ ಮನಸ್ಸಿನಲ್ಲಿ ಏನಿದೆ ಎಂದು ಅಂಕಗಳ ಮೂಲಕ ಊಹಿಸುವುದು.

ಶುರುವಾಗುವ ಮುನ್ನ ತಿಳಿದಿರಬೇಕಾದ ನಿಯಮಗಳು

2024 ಮತ್ತು 2025ರಲ್ಲಿ ಇದ್ದ ಮಾದರಿ ಹೀಗೆ. ಇಪ್ಪತ್ತು ಜನ, ಎ ಮತ್ತು ಬಿ ಎಂಬ ಎರಡು ಬ್ಲಾಕ್, ತಲಾ ಹತ್ತು. ಬ್ಲಾಕಿನಲ್ಲಿ ಪ್ರತಿಯೊಬ್ಬರೂ ಉಳಿದ ಒಂಬತ್ತು ಜನರೊಂದಿಗೆ ಒಂದೊಂದು ಸಲ ಸೆಣಸಬೇಕು. ಒಂದು ಬ್ಲಾಕಿಗೆ 45 ಪಂದ್ಯ, ಎರಡೂ ಸೇರಿ 90. ಗೆದ್ದರೆ 2 ಅಂಕ, ಡ್ರಾ ಆದರೆ 1, ಸೋತರೆ ಸೊನ್ನೆ. ಪ್ರತಿ ಬ್ಲಾಕಿನ ಮೊದಲ ಮೂವರು ಮುಂದಕ್ಕೆ ಹೋಗುತ್ತಾರೆ. ಮೊದಲನೆಯವರು ನೇರ ಸೆಮಿಫೈನಲ್‌ಗೆ, ಎರಡು ಮತ್ತು ಮೂರನೆಯವರು ಇನ್ನೊಂದು ಪಂದ್ಯ ಆಡಿ ಬರಬೇಕು. ಹಾಗಾಗಿ ಮೊದಲನೇ ಸ್ಥಾನಕ್ಕೂ ಎರಡನೇ ಸ್ಥಾನಕ್ಕೂ ಇರುವ ಅಂತರ ಬರೀ ಗೌರವದ್ದಲ್ಲ. ದಣಿದ ಮೈಗೆ ಒಂದು ಪಂದ್ಯದ ಬಿಡುವು ಸಿಗುತ್ತದೆ.

ಈ ಮಾದರಿ ಶಾಶ್ವತ ಅಂದುಕೊಳ್ಳಬೇಡಿ. 2022ರಲ್ಲಿ 28 ಜನ, ನಾಲ್ಕು ಬ್ಲಾಕ್. 2023ರಲ್ಲಿ 32 ಜನ, ನಾಲ್ಕು ಬ್ಲಾಕ್. ಅದಕ್ಕೂ ಹಿಂದಿನ ಹಲವು ವರ್ಷ ಎರಡು ಬ್ಲಾಕಿನ ಮೊದಲಿಗರಷ್ಟೇ ನೇರ ಫೈನಲ್‌ನಲ್ಲಿ ಸೆಣಸುತ್ತಿದ್ದರು. ಸಮಯದ ಮಿತಿಯೂ ಬದಲಾಗಿದೆ: ಬಹುಕಾಲ ಬ್ಲಾಕ್ ಪಂದ್ಯಕ್ಕೆ 30 ನಿಮಿಷ ಇತ್ತು, 2023ರಲ್ಲಿ ಅದನ್ನು 20ಕ್ಕೆ ಇಳಿಸಿದರು. ಮಿತಿ ಕಡಿಮೆಯಾದಷ್ಟೂ ಡ್ರಾ ಆಗುವ ಸಂಭವ ಜಾಸ್ತಿ, ಪಟ್ಟಿಯ ಲೆಕ್ಕಾಚಾರವೇ ಬೇರೆಯಾಗುತ್ತದೆ. ಆದ್ದರಿಂದ ಪ್ರತಿ ವರ್ಷ ಬ್ಲಾಕ್‌ಗಳ ಪ್ರಕಟಣೆ ಬಂದ ದಿನವೇ ಮೂರು ಸಂಗತಿ ಬರೆದಿಟ್ಟುಕೊಳ್ಳಿ: ಬ್ಲಾಕಿಗೆ ಎಷ್ಟು ಜನ, ಎಷ್ಟು ಜನ ಮುಂದಕ್ಕೆ, ಪಂದ್ಯಕ್ಕೆ ಎಷ್ಟು ನಿಮಿಷ. ಫೈನಲ್‌ಗೆ ಸಮಯದ ಮಿತಿ ಇಲ್ಲ.

ಪಂದ್ಯ ಮುಗಿಯುವ ಬಗೆಗಳನ್ನೂ ತಿಳಿದಿರಬೇಕು. ನಮ್ಮ ಗರಡಿ ಕುಸ್ತಿಯಲ್ಲಿ ಎರಡೂ ಭುಜ ಮಣ್ಣಿಗೆ ತಾಗಿದರೆ ಅಲ್ಲಿಗೇ ಚಿತ್. ಇಲ್ಲಿ ಭುಜ ತಾಗಿಸಿ, ರೆಫರಿ ಮೂರು ಎಣಿಸುವವರೆಗೆ ಒತ್ತಿ ಹಿಡಿಯಬೇಕು. ಪಟ್ಟು ತಾಳಲಾರದೆ ಎದುರಾಳಿ ಸೋಲೊಪ್ಪಿದರೂ ಗೆಲುವೇ. ರಿಂಗಿನ ಹೊರಗೆ ಬಿದ್ದವರಿಗೆ ಅಮೆರಿಕದಲ್ಲಿ ಹತ್ತರ ಎಣಿಕೆ, ಜಪಾನಿನಲ್ಲಿ ಇಪ್ಪತ್ತರ ಎಣಿಕೆ. ಹೊಸಬರು ಹತ್ತಕ್ಕೇ ಪಂದ್ಯ ಮುಗಿಯಿತು ಎಂದು ಗಾಬರಿಯಾಗುವುದುಂಟು. ಹತ್ತೊಂಬತ್ತಕ್ಕೆ ಉರುಳಿಕೊಂಡು ಒಳಗೆ ಬರುವುದು ಜಿ1ರ ಮಾಮೂಲಿ ದೃಶ್ಯ.

ಸಮಯ ಮತ್ತು ಚಂದಾ

ಜಪಾನ್ ನಮಗಿಂತ ಮೂರೂವರೆ ಗಂಟೆ ಮುಂದಿದೆ. ವಾರದ ದಿನಗಳಲ್ಲಿ ಕಾರ್ಯಕ್ರಮ ಅಲ್ಲಿನ ಸಂಜೆ 6:30ಕ್ಕೆ ಶುರುವಾದರೆ ಬೆಂಗಳೂರಿನಲ್ಲಿ ಮಧ್ಯಾಹ್ನ 3. ಶನಿವಾರ, ಭಾನುವಾರ, ರಜೆಯ ದಿನ ಇನ್ನೂ ಬೇಗ ಶುರುವಾಗುತ್ತದೆ. ಅಲ್ಲಿ 5 ಅಂದರೆ ಇಲ್ಲಿ 1:30. ದುಬೈನಲ್ಲಿರುವ ಕನ್ನಡಿಗರು ಐದು ಗಂಟೆ ಕಳೆಯಬೇಕು. ಲಂಡನ್‌ನವರು ಬೇಸಿಗೆಯಲ್ಲಿ ಎಂಟು ಗಂಟೆ ಕಳೆಯಬೇಕು. ನ್ಯೂಜೆರ್ಸಿಯವರಿಗೆ ಹದಿಮೂರು ಗಂಟೆ ವ್ಯತ್ಯಾಸ, ಅಂದರೆ ಬೆಳಗಿನ 5:30ಕ್ಕೆ ಅಲಾರಂ. ಕ್ಯಾಲಿಫೋರ್ನಿಯಾದವರಿಗೆ ಅದು ನಡುರಾತ್ರಿ 2:30, ಅವರು ಮರುದಿನ ನೋಡುವುದೇ ವಾಸಿ.

ಭಾರತದಲ್ಲಿ ಕೆಲಸಕ್ಕೆ ಹೋಗುವವರಿಗೆ ಈ ಹೊತ್ತು ಒಂದು ರೀತಿಯಲ್ಲಿ ಅನುಕೂಲ. ಆಫೀಸು ಮುಗಿಯುವ ಹೊತ್ತಿಗೆ ಮುಖ್ಯ ಪಂದ್ಯ ಮುಗಿದಿರುತ್ತದೆ, ರಾತ್ರಿ ಊಟದ ಹೊತ್ತಿಗೆ ಪೂರ್ತಿ ವಿಡಿಯೊ ಸಿದ್ಧವಾಗಿರುತ್ತದೆ. ಅಪಾಯ ಇರುವುದು ಮಧ್ಯೆ, ಸಂಜೆ ಐದರಿಂದ ಎಂಟರವರೆಗೆ. ಆ ಮೂರು ಗಂಟೆಯಲ್ಲಿ ಫೋನು ತೆರೆದರೆ ಫಲಿತಾಂಶ ಕಣ್ಣಿಗೆ ರಾಚುತ್ತದೆ. ಬ್ಲಾಕಿನಲ್ಲಿರುವವರ ಹೆಸರುಗಳನ್ನು ಸೋಷಿಯಲ್ ಮೀಡಿಯಾದಲ್ಲಿ ಒಂದು ತಿಂಗಳ ಮಟ್ಟಿಗೆ ಮ್ಯೂಟ್ ಮಾಡಿ. ಸಂಸ್ಥೆಯ ಅಧಿಕೃತ ಖಾತೆಗಳನ್ನೂ ಮ್ಯೂಟ್ ಮಾಡಬೇಕು, ಎಲ್ಲರಿಗಿಂತ ಮೊದಲು ಫಲಿತಾಂಶ ಹಾಕುವವರು ಅವರೇ. ಯೂಟ್ಯೂಬ್ ತೆರೆಯಲೇಬೇಡಿ, ವಿಡಿಯೊದ ಮುಖಚಿತ್ರದಲ್ಲೇ ಗೆದ್ದವರು ಕೈ ಎತ್ತಿ ನಿಂತಿರುತ್ತಾರೆ.

ನೋಡುವುದು ನ್ಯೂ ಜಪಾನ್ ವರ್ಲ್ಡ್ ಎಂಬ ಸಂಸ್ಥೆಯ ಸ್ವಂತ ಸ್ಟ್ರೀಮಿಂಗ್ ಸೇವೆಯಲ್ಲಿ. ಶುರುವಾದದ್ದು 2014ರ ಡಿಸೆಂಬರ್‌ನಲ್ಲಿ. ಇಂಗ್ಲಿಷ್ ವೀಕ್ಷಕ ವಿವರಣೆ ಇರುತ್ತದೆ. ಚಂದಾ ಕಟ್ಟುವಾಗ ಭಾರತೀಯ ಕಾರ್ಡುಗಳು ಎರಡು ಕಡೆ ಕೈಕೊಡುತ್ತವೆ. ಮೊದಲನೆಯದು, ಕಾರ್ಡಿನಲ್ಲಿ ಅಂತರರಾಷ್ಟ್ರೀಯ ಆನ್‌ಲೈನ್ ವ್ಯವಹಾರ ಆಫ್ ಆಗಿರುವುದು. ಬ್ಯಾಂಕಿನ ಆ್ಯಪ್‌ನಲ್ಲಿ ಅದನ್ನು ಆನ್ ಮಾಡಿ, ಪಂದ್ಯಾವಳಿ ಮುಗಿದ ಮೇಲೆ ಆಫ್ ಮಾಡಿ. ಎರಡನೆಯದು, ರಿಸರ್ವ್ ಬ್ಯಾಂಕಿನ ಇ-ಮ್ಯಾಂಡೇಟ್ ನಿಯಮ 2021ರ ಅಕ್ಟೋಬರ್‌ನಿಂದ ಜಾರಿಯಾದ ಮೇಲೆ ವಿದೇಶಿ ತಾಣಗಳ ಪ್ರತಿ ತಿಂಗಳ ತಂತಾನೇ ಕಡಿತ ಎಷ್ಟೋ ಸಲ ವಿಫಲವಾಗುತ್ತದೆ. ಮೊದಲ ತಿಂಗಳು ಸಲೀಸಾಗಿ ಹೋಗುತ್ತದೆ, ಎರಡನೇ ತಿಂಗಳು ಸರಿಯಾಗಿ ಸೆಮಿಫೈನಲ್ ಹೊತ್ತಿಗೆ ಖಾತೆ ಬಂದ್. ಇದನ್ನು ತಪ್ಪಿಸಲು ಚಂದಾ ಅವಧಿಯನ್ನು ಸೇರುವ ಮೊದಲೇ ಓದಿ. ಸೇರಿದ ದಿನದಿಂದ ಒಂದು ತಿಂಗಳು ಎಂದಿದ್ದರೆ ಉದ್ಘಾಟನೆಯ ದಿನವೇ ಸೇರಿ, ಮೂವತ್ತು ದಿನ ಒಂದೇ ಕಂತಿನಲ್ಲಿ ಮುಗಿಯುತ್ತದೆ. ಕ್ಯಾಲೆಂಡರ್ ತಿಂಗಳ ಲೆಕ್ಕವಿದ್ದರೆ ಜುಲೈ, ಆಗಸ್ಟ್ ಎರಡಕ್ಕೂ ಕಟ್ಟಬೇಕು, ಆಗಸ್ಟ್ 1ರಂದೇ ಹಣ ಹೋಗಿದೆಯೇ ನೋಡಬೇಕು.

ನಕ್ಷತ್ರಪಟ್ಟಿ

ಜಪಾನಿನಲ್ಲಿ ಅಂಕಪಟ್ಟಿಗೆ ಹೋಶಿತೊರಿಹ್ಯೊ ಅನ್ನುತ್ತಾರೆ, ನಕ್ಷತ್ರ ಗಳಿಸಿದ ಪಟ್ಟಿ ಎಂಬ ಅರ್ಥದಲ್ಲಿ. ಸುಮೊದಿಂದ ಬಂದ ಪದ್ಧತಿ ಇದು. ಬಿಳಿ ಚುಕ್ಕೆ ಅಂದರೆ ಗೆಲುವು, ಕರಿ ಚುಕ್ಕೆ ಅಂದರೆ ಸೋಲು, ತ್ರಿಕೋನ ಅಂದರೆ ಡ್ರಾ. ಹೀಗೆ: ○ ● △. ಸಭಾಂಗಣದಲ್ಲಿ ಮಾರುವ ಕಾರ್ಯಕ್ರಮ ಪುಸ್ತಿಕೆಯಲ್ಲಿ ಖಾಲಿ ಪಟ್ಟಿ ಅಚ್ಚಾಗಿರುತ್ತದೆ, ಅಭಿಮಾನಿಗಳು ಪ್ರತಿ ಪಂದ್ಯದ ನಂತರ ತುಂಬುತ್ತಾರೆ. ಮನೆಯಲ್ಲಿ ಕೂತು ನೋಡುವವರು ತಾವೇ ಗೆರೆ ಹಾಕಿಕೊಳ್ಳಬೇಕು.

1. ಒಂದು ಬ್ಲಾಕಿಗೆ ಒಂದು ಹಾಳೆ. ಎ4 ಹಾಳೆಯನ್ನು ಅಡ್ಡ ಇಟ್ಟು ಹನ್ನೊಂದು ಸಾಲು, ಹನ್ನೆರಡು ಕಂಬ ಬರುವಂತೆ ಗೆರೆ ಎಳೆಯಿರಿ. ಎಡಗಡೆ ಕಂಬದಲ್ಲಿ ಹತ್ತು ಹೆಸರು, ಮೇಲಿನ ಸಾಲಿನಲ್ಲಿ ಅದೇ ಕ್ರಮದಲ್ಲಿ ಅದೇ ಹತ್ತು ಹೆಸರು. ಬಲತುದಿಯ ಕಂಬ ಒಟ್ಟು ಅಂಕಕ್ಕೆ.

2. ಒಬ್ಬರು ತಮ್ಮನ್ನೇ ಎದುರಿಸುವ ಮನೆಗಳು ಕರ್ಣರೇಖೆಯಲ್ಲಿ ಬರುತ್ತವೆ. ಆ ಹತ್ತನ್ನೂ ಹೊಡೆದುಹಾಕಿ.

3. ಉಳಿದ ಪ್ರತಿ ಮನೆಯ ಮೂಲೆಯಲ್ಲಿ ಪಂದ್ಯದ ದಿನಾಂಕ ಸಣ್ಣದಾಗಿ ಬರೆಯಿರಿ. ವೇಳಾಪಟ್ಟಿ ಮೊದಲೇ ಪ್ರಕಟವಾಗಿರುತ್ತದೆ. ಬೇಸರದ ಕೆಲಸ, ಸುಮಾರು ಒಂದು ಗಂಟೆ ಹಿಡಿಯುತ್ತದೆ, ಆದರೆ ಕೊನೆಯ ದಿನ ಯಾರ ಎದುರು ಯಾರು ಎಂಬುದು ಇಲ್ಲೇ ಗೊತ್ತಾಗಿಬಿಡುತ್ತದೆ. ಕಥೆ ಹೆಣೆದವರು ಅತಿ ಬಿಗಿಯಾದ ಗಂಟನ್ನು ಕೊನೆಯ ದಿನಕ್ಕೇ ಇಟ್ಟಿರುತ್ತಾರೆ. ಆ ದಿನದ ಮುಖ್ಯ ಪಂದ್ಯದ ಇಬ್ಬರನ್ನು ಗುರುತು ಮಾಡಿಕೊಂಡರೆ ಇಡೀ ತಿಂಗಳು ಅವರಿಬ್ಬರ ಏರಿಳಿತಕ್ಕೆ ಅರ್ಥ ಬರುತ್ತದೆ.

4. ಪಂದ್ಯ ಮುಗಿದ ಕೂಡಲೇ ಎರಡು ಮನೆ ತುಂಬಿ. ಗೆದ್ದವರ ಸಾಲಿನಲ್ಲಿ ○, ಸೋತವರ ಸಾಲಿನಲ್ಲಿ ●. ಎಲ್ಲರೂ ಮಾಡುವ ತಪ್ಪು ಇಲ್ಲೇ: ಒಂದು ಮನೆ ತುಂಬಿ ಇನ್ನೊಂದನ್ನು ಮರೆಯುವುದು.

5. ತಾಳೆ ನೋಡಿ. ಪ್ರತಿ ಪಂದ್ಯ ಪಟ್ಟಿಗೆ ಎರಡೇ ಅಂಕ ಸೇರಿಸುತ್ತದೆ, ಡ್ರಾ ಆದರೂ ಒಂದು ಮತ್ತು ಒಂದು ಸೇರಿ ಎರಡೇ. ಬ್ಲಾಕಿನ ಹತ್ತೂ ಜನ ಒಂದು ಸುತ್ತು ಮುಗಿಸಿದರೆ ಒಟ್ಟು ಅಂಕ 10, ನಾಲ್ಕು ಸುತ್ತಿಗೆ 40, ಒಂಬತ್ತು ಸುತ್ತಿಗೆ 90. ನಿಮ್ಮ ಮೊತ್ತ ಇದಕ್ಕಿಂತ ಕಡಿಮೆ ಬಂದರೆ ಎಲ್ಲೋ ಮನೆ ಬಿಟ್ಟಿದ್ದೀರಿ, ಇಲ್ಲವೇ ಆ ದಿನ ಇಬ್ಬರೂ ಒಟ್ಟಿಗೆ ರಿಂಗಿನ ಹೊರಗೆ ಉಳಿದು ಇಬ್ಬರಿಗೂ ಸೊನ್ನೆ ಸಿಕ್ಕಿರುತ್ತದೆ.

ಪೆನ್ಸಿಲಿನಲ್ಲೇ ಬರೆಯಿರಿ, ಯಾಕೆಂದು ಮುಂದೆ ಹೇಳುತ್ತೇವೆ. ಹೆಸರುಗಳನ್ನು ಕನ್ನಡದಲ್ಲೇ ಬರೆದರೆ ಇನ್ನೊಂದು ಲಾಭ. ಜಪಾನಿ ಪದಗಳು ನಮ್ಮವುಗಳ ಹಾಗೆ ಬಹುತೇಕ ಸ್ವರದಲ್ಲೇ ಮುಗಿಯುತ್ತವೆ, ಎರಡೂ ಭಾಷೆಯಲ್ಲಿ ಹ್ರಸ್ವ ದೀರ್ಘಕ್ಕೆ ಬೆಲೆ ಇದೆ. ತನಹಾಶಿ, ನೈತೊ, ತಾಕೆಷಿತಾ ಎಂದು ಕನ್ನಡ ಲಿಪಿಯಲ್ಲಿ ಬರೆದುಕೊಂಡವರ ಉಚ್ಚಾರ ಇಂಗ್ಲಿಷ್ ಓದಿ ಕಲಿತವರದಕ್ಕಿಂತ ಎಷ್ಟೋ ಸರಿಯಾಗಿರುತ್ತದೆ. ಜಪಾನಿನಲ್ಲಿ ಮನೆತನದ ಹೆಸರು ಮೊದಲು ಬರುತ್ತದೆ ಎಂಬುದು ನೆನಪಿರಲಿ: ಇಂಗ್ಲಿಷ್ ವಿವರಣೆಗಾರರು ತೆತ್ಸುಯಾ ನೈತೊ ಅಂದವರನ್ನೇ ರಿಂಗ್ ಅನೌನ್ಸರ್ ನೈತೊ ತೆತ್ಸುಯಾ ಅನ್ನುತ್ತಾರೆ.

ಸಮ ಅಂಕ ಬಂದಾಗ

ಐಪಿಎಲ್ ನೋಡಿದವರಿಗೆ ಅಂಕ ಸಮವಾದರೆ ನೆಟ್ ರನ್‌ರೇಟ್ ನೋಡಿ ಅಭ್ಯಾಸ. ಇಲ್ಲಿ ಅಂಥದ್ದೇನೂ ಇಲ್ಲ. ಸಮ ಬಂದ ಇಬ್ಬರು ಬ್ಲಾಕಿನಲ್ಲಿ ಎದುರಾದಾಗ ಗೆದ್ದವರು ಯಾರು, ಅವರೇ ಮೇಲೆ. ಮೂವರು ಸಮ ಬಂದರೆ ಆ ಮೂವರ ನಡುವಿನ ಪಂದ್ಯಗಳನ್ನಷ್ಟೇ ನೋಡಬೇಕು. ಈ ಒಂದು ನಿಯಮದ ಮೇಲೆಯೇ ಜಿ1ರ ಅರ್ಧ ನಾಟಕ ನಿಂತಿದೆ. ಮೊದಲ ವಾರದ ಸಾಮಾನ್ಯ ಸೋಲೊಂದು ನಾಲ್ಕನೇ ವಾರ ಕೊರಳಿಗೆ ಸುತ್ತಿಕೊಳ್ಳುತ್ತದೆ.

2018ರ ಎ ಬ್ಲಾಕಿನ ಕೊನೆಯ ರಾತ್ರಿಯನ್ನು ಹತ್ತಿರದಿಂದ ನೋಡೋಣ. ಆಗಸ್ಟ್ 10, ಟೋಕಿಯೊದ ನಿಪ್ಪೊನ್ ಬುಡೋಕಾನ್. ಆಗ ಬ್ಲಾಕಿನ ಮೊದಲಿಗರಷ್ಟೇ ಫೈನಲ್‌ಗೆ. ಹಿರೋಶಿ ತನಹಾಶಿ ಬಳಿ 14 ಅಂಕ, ಕಜುಚಿಕಾ ಒಕಾಡಾ ಬಳಿ 12, ಜೇ ವೈಟ್ ಬಳಿ 12. ವೈಟ್ ಮೊದಲ ದಿನಗಳಲ್ಲೇ ಒಕಾಡಾ, ತನಹಾಶಿ ಇಬ್ಬರನ್ನೂ ಸೋಲಿಸಿದ್ದರು. ಅಂದರೆ ಮೂವರೂ 14ಕ್ಕೆ ಬಂದು ನಿಂತರೆ ವೈಟ್‌ ಅವರದೇ ಬ್ಲಾಕ್. ಆದರೆ ಅದೇ ರಾತ್ರಿ ವೈಟ್ ಈವಿಲ್ ಎದುರು ಸೋತು 12ಕ್ಕೇ ನಿಂತರು. ಈಗ ಉಳಿದದ್ದು ಮುಖ್ಯ ಪಂದ್ಯ. ಒಕಾಡಾ ಗೆದ್ದರೆ ಇಬ್ಬರದೂ 14, ಎದುರುಬದುರು ಗೆದ್ದ ಕಾರಣ ಒಕಾಡಾ ಮೇಲೆ. ತನಹಾಶಿ ಗೆದ್ದರೆ ಮಾತೇ ಇಲ್ಲ. ಡ್ರಾ ಆದರೆ? ತನಹಾಶಿ 15, ಒಕಾಡಾ 13. ಅಂದರೆ ಗಡಿಯಾರ ತನಹಾಶಿಯ ಕಡೆಗಿದೆ, ಒಕಾಡಾಗೆ ಮೂವತ್ತು ನಿಮಿಷದೊಳಗೆ ಗೆಲ್ಲಲೇಬೇಕು. ಇದು ತಿಳಿದಿದ್ದವರಿಗೆ ಇಪ್ಪತ್ತೈದನೇ ನಿಮಿಷದ ಘೋಷಣೆ ಬಂದಾಗ ಒಕಾಡಾ ಮೈಯಲ್ಲಿ ಕಾಣುವ ಆತುರಕ್ಕೆ ಕಾರಣ ಗೊತ್ತಿರುತ್ತದೆ. ತಿಳಿಯದವರಿಗೆ ಅದು ಒಂದು ಒಳ್ಳೆಯ ಪಂದ್ಯ, ಅಷ್ಟೇ. ಗಂಟೆ ಹೊಡೆಯಿತು, ಡ್ರಾ ಆಯಿತು. ತನಹಾಶಿಯ ಸಾಲಿನಲ್ಲಿ ಏಳು ○, ಒಂದು ●, ಒಂದು △. ಎರಡು ದಿನದ ನಂತರ ಫೈನಲ್‌ನಲ್ಲಿ ಅವರು ಕೋಟಾ ಇಬುಶಿಯನ್ನು ಸೋಲಿಸಿ ಮೂರನೇ ಜಿ1 ಗೆದ್ದರು.

ಐದನೇ ಸುತ್ತಿನ ನಂತರ ಪ್ರತಿ ಸಾಲಿನ ಪಕ್ಕ ಇನ್ನೊಂದು ಅಂಕಿ ಬರೆಯಲು ಶುರುಮಾಡಿ: ಇನ್ನು ಎಲ್ಲ ಗೆದ್ದರೆ ಎಷ್ಟಾಗಬಹುದು ಎಂಬುದು. ಈಗಿನ ಅಂಕಕ್ಕೆ ಉಳಿದ ಪಂದ್ಯಗಳ ಎರಡರಷ್ಟು ಕೂಡಿಸಿದರೆ ಆಯಿತು. ಏಳು ಪಂದ್ಯ ಮುಗಿಸಿ 6 ಅಂಕದಲ್ಲಿರುವವರ ಗರಿಷ್ಠ 10. ಮೂವರು ಈಗಾಗಲೇ 12 ದಾಟಿದ್ದರೆ ಅವರು ಹೊರಗೆ. ಮೂರನೆಯವರು 10ರಲ್ಲಿ ನಿಂತಿದ್ದರೆ ಅವಸರಪಟ್ಟು ಹೊಡೆದುಹಾಕಬೇಡಿ, ಇಬ್ಬರ ನಡುವಿನ ಪಂದ್ಯ ಯಾರದಾಯಿತು ನೋಡಿ.

ಗಾಯವಾದಾಗ ಪೆನ್ಸಿಲ್

2021ರ ಎ ಬ್ಲಾಕಿನಲ್ಲಿ ನೈತೊ ಮೊದಲ ಪಂದ್ಯದಲ್ಲೇ ಜ್ಯಾಕ್ ಸೇಬರ್ ಜೂನಿಯರ್ ಎದುರು ಮೊಣಕಾಲು ನೋವು ಮಾಡಿಕೊಂಡು ಪಂದ್ಯಾವಳಿಯಿಂದಲೇ ಹೊರಬಿದ್ದರು. ಹೀಗಾದಾಗ ಉಳಿದ ಎಲ್ಲ ಎದುರಾಳಿಗಳಿಗೂ ಸೆಣಸದೆಯೇ 2 ಅಂಕ ಸಿಗುತ್ತದೆ. ಜಪಾನಿಯಲ್ಲಿ ಫುಸೆನ್‌ಶೋ ಅನ್ನುತ್ತಾರೆ. ಪಟ್ಟಿಯಲ್ಲಿ ಪೆನ್ಸಿಲಿನಿಂದ ಬರೆದ ದಿನಾಂಕ ಅಳಿಸಿ, ಚುಕ್ಕೆಯ ಬದಲು ಚೌಕ ಹಾಕಿ, □ ಗೆಲುವಿಗೆ, ■ ಸೋಲಿಗೆ. ಆಗ ಯಾವುದು ಆಡಿ ಗೆದ್ದದ್ದು, ಯಾವುದು ಹಾಗೇ ಸಿಕ್ಕಿದ್ದು ತಿಳಿಯುತ್ತದೆ.

ಇಲ್ಲೊಂದು ಸೂಕ್ಷ್ಮ ಇದೆ. ಮೊದಲ ದಿನವೇ ಒಬ್ಬರು ಹೊರಬಿದ್ದು ಆ ಪಂದ್ಯವನ್ನೂ ಸೋತಿದ್ದರೆ ಬ್ಲಾಕಿನ ಸಮತೋಲ ಕೆಡುವುದಿಲ್ಲ, ಒಂಬತ್ತೂ ಜನರಿಗೆ ಅದೇ ಎರಡು ಅಂಕ. ಆದರೆ ನಡುವೆ ಹೊರಬಿದ್ದರೆ ಅಲ್ಲಿಯವರೆಗೆ ಅವರಿಗೆ ಸೋತವರಿಗೆ ಅನ್ಯಾಯ. ತಾವು ಬೆವರು ಸುರಿಸಿ ಕಳೆದುಕೊಂಡ ಅಂಕ ಬೇರೆಯವರಿಗೆ ಪುಕ್ಕಟೆ ಸಿಗುತ್ತದೆ. ಅದೇ ವರ್ಷದ ಫೈನಲ್‌ನಲ್ಲಿ ಇಬುಶಿ ಮೇಲಿನಿಂದ ಹಾರಿ ಗುರಿ ತಪ್ಪಿ ಬಿದ್ದು ಭುಜ ಕೀಲು ತಪ್ಪಿತು, ರೆಫರಿ ಪಂದ್ಯ ನಿಲ್ಲಿಸಿದರು, ಒಕಾಡಾ ಗೆದ್ದರು. ಹೆಣೆದ ಕಥೆಯನ್ನು ದೇಹ ಕಿತ್ತುಹಾಕುವ ಕ್ಷಣಗಳಿವು.

ಎಷ್ಟು ನೋಡಬೇಕು

ತೊಂಬತ್ತನ್ನೂ ನೋಡುತ್ತೇನೆ ಎಂದು ಹೊರಟವರು ದಡ ಸೇರುವುದು ಅಪರೂಪ. ಕೆಲಸ, ಸಂಸಾರ ಇರುವವರಿಗೆ ನಮ್ಮ ಸಲಹೆ: ಬ್ಲಾಕಿಗೆ ಇಬ್ಬರಂತೆ ನಾಲ್ವರನ್ನು ಆರಿಸಿ. ನಾಲ್ವರಿಗೆ ಒಂಬತ್ತೊಂಬತ್ತು ಅಂದರೆ 36, ಒಂದೇ ಬ್ಲಾಕಿನ ಇಬ್ಬರು ಪರಸ್ಪರ ಎದುರಾಗುವ ಪಂದ್ಯ ಎರಡು ಸಲ ಎಣಿಕೆಯಾಗಿರುವುದರಿಂದ ಎರಡು ಕಳೆದು 34. ಇದರ ಜೊತೆಗೆ ಪ್ರತಿ ದಿನದ ಮುಖ್ಯ ಪಂದ್ಯ. ಉಳಿದವುಗಳ ಫಲಿತಾಂಶವನ್ನಷ್ಟೇ ಪಟ್ಟಿಗೆ ಏರಿಸಿ.

ಆ ನಾಲ್ವರನ್ನು ಆರಿಸುವಾಗ ಗೆದ್ದೆತ್ತಿನ ಬಾಲ ಹಿಡಿಯಬೇಡಿ. ಒಬ್ಬ ಮುಖ್ಯ ತಾರೆ, ಈಗಷ್ಟೇ ಮೇಲೇರುತ್ತಿರುವ ಒಬ್ಬ ಯುವಕ, ನಲವತ್ತು ದಾಟಿದ ಒಬ್ಬ ಹಿರಿಯ, ಹೊರಗಿನ ಸಂಸ್ಥೆಯಿಂದ ಬಂದ ಒಬ್ಬ ಅತಿಥಿ. ಈ ನಾಲ್ವರ ಸಾಲು ನಾಲ್ಕು ಬೇರೆ ಕಥೆ ಹೇಳುತ್ತದೆ. ಹಿರಿಯರ ಮೊಣಕಾಲಿನ ಟೇಪು ವಾರದಿಂದ ವಾರಕ್ಕೆ ದಪ್ಪವಾಗುವುದನ್ನು ಗಮನಿಸಿ. ಎದುರಾಳಿಗಳು ಅದೇ ಕಾಲಿಗೆ ಗುರಿಯಿಡುತ್ತಾರೆ, ಎರಡನೇ ವಾರ ತಿಂದ ಏಟು ಮೂರನೇ ವಾರದ ಸೋಲಿಗೆ ಕಾರಣವಾಗುತ್ತದೆ. ಒಂದೇ ಬಣದ ಇಬ್ಬರು ಒಂದೇ ಬ್ಲಾಕಿಗೆ ಬಿದ್ದಿದ್ದರೆ ಆ ಪಂದ್ಯ ತಪ್ಪಿಸಬೇಡಿ. ವರ್ಷವಿಡೀ ಬೆನ್ನಿಗೆ ನಿಂತವರು ಆ ಒಂದು ದಿನ ಎದುರಿಗೆ ನಿಲ್ಲುತ್ತಾರೆ.

ಶುರುವಿನಲ್ಲಿ ಬರುವ ಜೋಡಿ ಪಂದ್ಯಗಳನ್ನು ದಾಟಿಸಬಹುದು, ಒಂದು ಎಚ್ಚರಿಕೆಯೊಂದಿಗೆ: ಮುಂದಿನ ದಿನ ಏಕಾಂಗಿಯಾಗಿ ಎದುರಾಗುವವರನ್ನು ಹಿಂದಿನ ದಿನ ಜೋಡಿ ಪಂದ್ಯದಲ್ಲಿ ಎದುರುಬದುರು ಹಾಕಿರುತ್ತಾರೆ. ಕಪ್ಪು ಚಡ್ಡಿ, ಕಪ್ಪು ಬೂಟು ತೊಟ್ಟ ಹುಡುಗರು ಕಂಡರೆ ಎರಡು ನಿಮಿಷ ನಿಲ್ಲಿ. ಅವರು ಯಂಗ್ ಲಯನ್‌ಗಳು, ಡೋಜೊದಲ್ಲಿ ತರಬೇತಿಯಲ್ಲಿರುವವರು. ಕೆಲವೇ ವರ್ಷಗಳಲ್ಲಿ ಅವರಲ್ಲೊಬ್ಬರು ನಿಮ್ಮ ಪಟ್ಟಿಯ ಸಾಲಾಗಿರುತ್ತಾರೆ.

ಪಂದ್ಯಾವಳಿಗೆ ಮುನ್ನ ರುಚಿ ನೋಡಬೇಕೆಂದರೆ ಹಳೆಯ ಸಂಗ್ರಹದಿಂದ ಮೂರು ಸಾಕು. 2013ರ ಆಗಸ್ಟ್ 4ರಂದು ಒಸಾಕಾದಲ್ಲಿ ತೊಮೊಹಿರೊ ಇಶಿ ಮತ್ತು ಕತ್ಸುಯೊರಿ ಶಿಬಾತಾ ನಡುವಿನ ಸುಮಾರು 12 ನಿಮಿಷದ ಪಂದ್ಯ, ಇದರಲ್ಲಿ ಒಬ್ಬರೂ ಹಿಂದೆ ಸರಿಯುವುದಿಲ್ಲ. 2016ರಲ್ಲಿ ಕೆನ್ನಿ ಒಮೆಗಾ ನೈತೊ ಎದುರು ಗೆದ್ದು ಬ್ಲಾಕ್ ತಮ್ಮದಾಗಿಸಿಕೊಂಡದ್ದು. ಮರುದಿನವೇ ಅವರು ಜಿ1 ಗೆದ್ದ ಮೊದಲ ವಿದೇಶಿಯಾದರು. ಮೂರನೆಯದು ಮೇಲೆ ಹೇಳಿದ 2018ರ ಡ್ರಾ. ಡಬ್ಲ್ಯುಡಬ್ಲ್ಯುಇಯಿಂದ ಶಿನ್ಸುಕೆ ನಕಮುರಾ ಪರಿಚಯ ಇರುವವರು ಅವರು ಗೆದ್ದ 2011ರ ಜಿ1 ಹುಡುಕಬಹುದು. 2020 ಮತ್ತು 2021ರ ಪಂದ್ಯಗಳಿಗೆ ಹೋದರೆ ಸಭಾಂಗಣ ಮೌನವಾಗಿರುತ್ತದೆ, ಧ್ವನಿ ಕೆಟ್ಟಿದೆ ಎಂದುಕೊಳ್ಳಬೇಡಿ. ಕೋವಿಡ್ ಕಾಲದಲ್ಲಿ ಕೂಗುವಂತಿರಲಿಲ್ಲ, ಚಪ್ಪಾಳೆ ಮಾತ್ರ. ಆ ಎರಡು ವರ್ಷ ಜಿ1 ನಡೆದದ್ದೂ ಬೇಸಿಗೆಯಲ್ಲಲ್ಲ, ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ.

ಫಲಿತಾಂಶದ ಸಾಲು ಓದುವುದು

ಜಪಾನಿ ಫಲಿತಾಂಶವನ್ನು ಅನುವಾದ ಯಂತ್ರಕ್ಕೆ ಹಾಕಿದರೆ ಸೀಗಡಿ ಎಂಬ ಪದ ಬಂದು ತಬ್ಬಿಬ್ಬಾಗುತ್ತದೆ. ತಪ್ಪೇನೂ ಇಲ್ಲ. ಎಬಿ ಅಂದರೆ ಸೀಗಡಿ. ಎಬಿ-ಗತಾಮೆ ಅಂದರೆ ಬಿದ್ದವರ ಎರಡೂ ಕಾಲನ್ನು ಮಡಿಸಿ, ಸೀಗಡಿಯ ಹಾಗೆ ಬಗ್ಗಿಸಿ, ಭುಜ ಒತ್ತಿ ಚಿತ್ ಮಾಡಿದ್ದು. ಕತಾ-ಎಬಿ-ಗತಾಮೆ ಅಂದರೆ ಒಂದೇ ಕಾಲು ಹಿಡಿದು ಚಿತ್ ಮಾಡಿದ್ದು, ಎಲ್ಲಕ್ಕಿಂತ ಹೆಚ್ಚು ಕಾಣುವುದು ಇದೇ. ತೈ-ಗತಾಮೆ ಅಂದರೆ ಕಾಲು ಹಿಡಿಯದೆ ಮೈಮೇಲೆ ಬಿದ್ದು ಒತ್ತಿದ್ದು. ಸಾಲಿನಲ್ಲಿ ಮೊದಲು ನಿಮಿಷ ಮತ್ತು ಸೆಕೆಂಡು, ನಂತರ ಕೊನೆಯ ಏಟಿನ ಹೆಸರು, ಬಾಣದ ಗುರುತು, ಆಮೇಲೆ ಈ ಪದ. ಹನ್ಸೊಕು ಎಂದಿದ್ದರೆ ನಿಯಮ ಮುರಿದು ಅನರ್ಹರಾದದ್ದು, ರಿಂಗ್‌ಔಟ್ ಎಂದಿದ್ದರೆ ಇಪ್ಪತ್ತರ ಎಣಿಕೆ ತಪ್ಪಿದ್ದು.

ಅಲ್ಲಿಗೇ ಹೋಗುವುದಾದರೆ

ಭಾರತೀಯರಿಗೆ ಜಪಾನಿಗೆ ವೀಸಾ ಬೇಕು. ವೇಳಾಪಟ್ಟಿ ಬಂದ ಕೂಡಲೇ ಅರ್ಜಿ ಹಾಕಿ, ಬೆಂಗಳೂರಿನಿಂದ ಟೋಕಿಯೊದ ನರಿತಾಗೆ ನೇರ ವಿಮಾನ ಇದೆ. ನಿಜವಾದ ತೊಡಕು ದಿನಾಂಕದ್ದು. ಫೈನಲ್ ಬರುವುದು ಆಗಸ್ಟ್ ಮಧ್ಯದಲ್ಲಿ, ಅದು ಓಬೊನ್ ಹೊತ್ತು. ನಮ್ಮ ಪಿತೃಪಕ್ಷದ ಹಾಗೆ ಹಿರಿಯರನ್ನು ನೆನೆಯುವ ದಿನಗಳು, ಇಡೀ ಜಪಾನ್ ಊರಿಗೆ ಹೊರಟಿರುತ್ತದೆ. ಆಗಸ್ಟ್ 11 ಪರ್ವತ ದಿನದ ರಜೆ ಬೇರೆ. ರೈಲು, ಹೋಟೆಲು ಎರಡೂ ತುಂಬಿರುತ್ತವೆ, ದರ ಏರಿರುತ್ತದೆ. ಪಂದ್ಯದ ಟಿಕೆಟ್ ಸಿಗುವ ಮುನ್ನವೇ ರದ್ದು ಮಾಡಬಹುದಾದ ಕೋಣೆ ಕಾದಿರಿಸಿಕೊಳ್ಳಿ. ಟಿಕೆಟ್ ಮೊದಲು ಸಂಸ್ಥೆಯ ಅಭಿಮಾನಿ ಬಳಗದವರಿಗೆ, ಆಮೇಲೆ ಸಾರ್ವಜನಿಕರಿಗೆ. ಜಪಾನಿ ಟಿಕೆಟ್ ತಾಣಗಳು ಸ್ಥಳೀಯ ಫೋನ್ ಸಂಖ್ಯೆ ಕೇಳಿ ನಿಲ್ಲಿಸಿಬಿಡುತ್ತವೆ, ವಿದೇಶಿಯರಿಗಾಗಿ ತೆರೆದ ಇಂಗ್ಲಿಷ್ ಮಾರಾಟ ಪುಟಕ್ಕೆ ಕಾಯಿರಿ.

ಫೈನಲ್ ಟಿಕೆಟ್ ಸಿಗದಿದ್ದರೆ ಬೇಸರ ಬೇಡ, ಕೊರಾಕುಎನ್ ಹಾಲ್‌ನಲ್ಲಿ ಬ್ಲಾಕ್ ಪಂದ್ಯ ಇದ್ದರೆ ನೋಡಿ. ಟೋಕಿಯೊ ಡೋಮ್ ಪಕ್ಕದ ಕಟ್ಟಡದ ಐದನೇ ಮಹಡಿ. 1962ರಲ್ಲಿ ತೆರೆದ ಈ ಸಭಾಂಗಣದಲ್ಲಿ ಸುಮಾರು ಎರಡು ಸಾವಿರ ಜನ ಹಿಡಿಸುತ್ತಾರೆ, ಎದೆಗೆ ಬಿದ್ದ ಏಟಿನ ಸದ್ದು ಕೊನೆಯ ಸಾಲಿಗೂ ಕೇಳುತ್ತದೆ. ಇಳಿಯುವಾಗ ಲಿಫ್ಟ್ ಬಿಟ್ಟು ಮೆಟ್ಟಿಲು ಹಿಡಿಯಿರಿ, ಗೋಡೆ ತುಂಬ ಅಭಿಮಾನಿಗಳು ದಶಕಗಳಿಂದ ಗೀಚಿದ ಬರಹ. ಹತ್ತಿರದ ನಿಲ್ದಾಣ ಸುಯಿದೊಬಾಶಿ. ಅದೇ ಸೊಬು ಮಾರ್ಗದಲ್ಲಿ ಪೂರ್ವಕ್ಕೆ ನಾಲ್ಕನೇ ನಿಲ್ದಾಣ ರ್ಯೋಗೊಕು, ಇಳಿದ ಕೂಡಲೇ ಸುಮೊದ ಮನೆ ಕೊಕುಗಿಕಾನ್. ಅಲ್ಲಿ ಮಸು-ಸೆಕಿ ಎಂಬ ಚೌಕಾಸನ ತೆಗೆದುಕೊಂಡರೆ ಚಪ್ಪಲಿ ಬಿಟ್ಟು ನೆಲದ ಮೆತ್ತೆಯ ಮೇಲೆ ಚಕ್ಕಳಮಕ್ಕಳ ಕೂರಬೇಕು. ಮಂಡಿನೋವು ಇರುವವರು ಮೇಲಿನ ಮಹಡಿಯ ಕುರ್ಚಿ ತೆಗೆದುಕೊಳ್ಳಿ. 1991ರ ಮೊದಲ ಫೈನಲ್‌ನಲ್ಲಿ ಮಸಾಹಿರೊ ಚೋನೊ ಕೇಜಿ ಮುತೊರನ್ನು ಸೋಲಿಸಿದಾಗ ಜನ ರಿಂಗಿನತ್ತ ತೂರಿದ್ದು ಇವೇ ಮೆತ್ತೆಗಳನ್ನು. ಚೋನೊ ಮುಂದೆ ಒಟ್ಟು ಐದು ಸಲ ಗೆದ್ದರು, ಆ ದಾಖಲೆ ಇನ್ನೂ ಅವರದೇ.

ಫೈನಲ್ ಮುಗಿದ ಮೇಲೆ ಪಟ್ಟಿ ಎಸೆಯಬೇಡಿ

2012ರಿಂದ ಜಿ1 ಗೆದ್ದವರಿಗೆ ಜನವರಿ 4ರಂದು ಟೋಕಿಯೊ ಡೋಮ್‌ನಲ್ಲಿ ಮುಖ್ಯ ಪಟ್ಟಕ್ಕೆ ಸವಾಲು ಹಾಕುವ ಹಕ್ಕು ಸಿಗುವ ಪದ್ಧತಿ ಬೆಳೆದು ಬಂತು. ಆ ಬಳಿಕ ಮುಖ್ಯ ಪಟ್ಟದ ಬೆಲ್ಟ್ ಸೊಂಟದಲ್ಲಿರುವ ಚಾಂಪಿಯನ್ 2025ರವರೆಗೆ ಒಮ್ಮೆಯೂ ಜಿ1 ಗೆದ್ದಿಲ್ಲ. 1995ರಲ್ಲಿ ಮುತೊ, 2000ದಲ್ಲಿ ಕೆನ್ಸುಕೆ ಸಸಾಕಿ ಗೆದ್ದದ್ದು ಹಳೆಯ ಕಾಲದ ಮಾತು. ಹಾಗಾಗಿ ಮುಂದಿನ ವರ್ಷ ಊಹೆ ಕಟ್ಟುವಾಗ ಮೊದಲು ಚಾಂಪಿಯನ್ ಹೆಸರನ್ನೇ ಹೊಡೆದುಹಾಕಬಹುದು.

ಆದರೆ ಚಾಂಪಿಯನ್‌ನ ಸಾಲನ್ನು ಚೆನ್ನಾಗಿ ಓದಿ. ಅದರಲ್ಲಿರುವ ಪ್ರತಿ ● ಒಬ್ಬ ಸವಾಲುಗಾರನ ಹೆಸರು. ಚಾಂಪಿಯನ್‌ನನ್ನು ಬ್ಲಾಕಿನಲ್ಲಿ ಸೋಲಿಸಿದವರು ಪಟ್ಟ ಕೇಳುವ ಅರ್ಹತೆ ಗಳಿಸಿದಂತೆ. 2016ರಲ್ಲಿ ಹೊರಗಿನಿಂದ ಬಂದ ನಾವೊಮಿಚಿ ಮರುಫುಜಿ ಮೊದಲ ದಿನವೇ ಚಾಂಪಿಯನ್ ಒಕಾಡಾರನ್ನು ಸೋಲಿಸಿದರು, ಅಕ್ಟೋಬರ್‌ನಲ್ಲಿ ರ್ಯೋಗೊಕುವಿನಲ್ಲಿ ಪಟ್ಟಕ್ಕಾಗಿ ಅದೇ ಇಬ್ಬರು ಎದುರಾದರು. ಜಿ1 ಗೆದ್ದವರ ಸಾಲಿನ ಕರಿಚುಕ್ಕೆಗಳೂ ಹಾಗೆಯೇ, ಸವಾಲಿನ ಹಕ್ಕನ್ನೇ ಪಣಕ್ಕಿಡು ಎಂದು ಬರುವವರು ಸಾಮಾನ್ಯವಾಗಿ ಅವರೇ. 2020ರ ನವೆಂಬರ್‌ನಲ್ಲಿ ಜೇ ವೈಟ್ ಹೀಗೆ ಇಬುಶಿಯಿಂದ ಹಕ್ಕು ಕಿತ್ತುಕೊಂಡರು, ಹಾಗಾದದ್ದು ಅದೇ ಮೊದಲು. 2024ರಲ್ಲಿ ಗೆದ್ದ ಸೇಬರ್ ಜನವರಿಯವರೆಗೆ ಕಾಯದೆ ಅಕ್ಟೋಬರ್ 14ರಂದೇ ಸವಾಲು ಹಾಕಿ ನೈತೊರಿಂದ ಪಟ್ಟ ಗೆದ್ದರು. ಚಾಂಪಿಯನ್‌ನ ಸಾಲಿನ ಕರಿಚುಕ್ಕೆಗಳಿಗೂ ಗೆದ್ದವರ ಸಾಲಿನ ಕರಿಚುಕ್ಕೆಗಳಿಗೂ ಕೆಂಪು ಪೆನ್ನಿನಲ್ಲಿ ಸುತ್ತು ಹಾಕಿ, ಪಕ್ಕದಲ್ಲಿ ಸೆಪ್ಟೆಂಬರ್‌ನಿಂದ ನವೆಂಬರ್‌ವರೆಗಿನ ಪಂದ್ಯಗಳ ದಿನಾಂಕಕ್ಕೆ ಜಾಗ ಬಿಡಿ. ಆ ಜಾಗ ತುಂಬುತ್ತಾ ಹೋಗುತ್ತದೆ.